ವಯಸ್ಸಾದ ಗಿನಿಪಿಗ್ ಹುಲ್ಲು ಬಿಟ್ಟರೆ ನೋಡಬೇಕಾದ್ದು ದವಡೆ ಹಲ್ಲು

ಬಂಗಾರಪೇಟೆ ಅಕ್ಕಾ, ನಿಮ್ಮ ಪ್ರಶ್ನೆ ನೆನ್ನೆ ರಾತ್ರಿ ಓದಿದಾಗಿನಿಂದ ನಿಮ್ಮ ರಾಮುದೇ ಯೋಚನೆ. ಆರು ವರ್ಷದ್ದು, ಎರಡು ವಾರದಿಂದ ಹುಲ್ಲು ಮುಟ್ಟುತ್ತಿಲ್ಲ, ಸೌತೆಕಾಯಿ ತಿರುಳು ಮಾತ್ರ ತಿನ್ನುತ್ತೆ, ಗದ್ದದ ಕೆಳಗಿನ ಕೂದಲು ಸದಾ ಒದ್ದೆ, ತಟ್ಟೆ ಶಬ್ದಕ್ಕೆ ಓಡಿ ಬಂದು ಮೂಸಿ ವಾಪಸ್ ಹೋಗುತ್ತೆ ಅಂತ ಬರೆದಿದ್ದೀರಿ. ಅದಕ್ಕೆ ಇಲ್ಲಿ ಮೂರು ಉತ್ತರ ಬಂದಿವೆ. ಒಬ್ಬರು ಮುಂದಿನ ಹಲ್ಲನ್ನು ನೇಲ್ ಕಟರ್‌ನಲ್ಲಿ ಕತ್ತರಿಸಿ ಅಂದಿದ್ದಾರೆ. ಇನ್ನೊಬ್ಬರು ವಯಸ್ಸಾಯ್ತು, ಬಿಟ್ಟುಬಿಡಿ ಅಂದಿದ್ದಾರೆ. ಮೂರನೆಯವರು ಮನೆಯಲ್ಲಿರೋ ಮಕ್ಕಳ ಆಂಟಿಬಯಾಟಿಕ್ ಸಿರಪ್ ಎರಡು ಹನಿ ಹಾಕಿ ಅಂದಿದ್ದಾರೆ. ದಯವಿಟ್ಟು ಮೂರನ್ನೂ ಮಾಡಬೇಡಿ.

ಮೊದಲು ವಯಸ್ಸಿನ ಮಾತು. ಗಿನಿಪಿಗ್ ಐದರಿಂದ ಎಂಟು ವರ್ಷ ಬದುಕುವ ಪ್ರಾಣಿ, ಆರು ಅಂದರೆ ಮುದುಕನೇ, ಒಪ್ಪುತ್ತೇನೆ. ಆದರೆ ಹಸಿವೇ ಇಲ್ಲದ ಪ್ರಾಣಿ ತಟ್ಟೆ ಹತ್ತಿರ ಓಡಿ ಬರೋದಿಲ್ಲ. ರಾಮುಗೆ ಹಸಿವಿದೆ, ತಿನ್ನೋಕೆ ಆಗುತ್ತಿಲ್ಲ. ಜೊಲ್ಲು, ಗಟ್ಟಿ ಬಿಟ್ಟು ಮೆತ್ತಗಿನದ್ದನ್ನು ಆರಿಸೋದು, ಬಾಯಿಗಿಟ್ಟಿದ್ದು ಜಾರಿ ಬೀಳೋದು, ಇವೆಲ್ಲ ಬಾಯಿ ನೋವಿನ ಲಕ್ಷಣ.

ಗಿನಿಪಿಗ್ ಬಾಯಲ್ಲಿ 20 ಹಲ್ಲು. ನಮಗೆ ಕಾಣೋದು ಮುಂದಿನ ನಾಲ್ಕು ಬಾಚಿ ಹಲ್ಲು ಮಾತ್ರ. ಉಳಿದ 16 ಹಿಂದೆ, ಕೆನ್ನೆಯ ಒಳಗೆ. ಇಪ್ಪತ್ತೂ ಸಾಯೋ ತನಕ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದಾಗ ಒಂದಕ್ಕೊಂದು ಉಜ್ಜಿ ಸವೆಯುತ್ತವೆ, ಬೆಳೆದಷ್ಟು ಸವೆದರೆ ತೊಂದರೆ ಇಲ್ಲ. ಹುಲ್ಲು ಕಡಿಮೆಯಾದರೆ, ಅಥವಾ ಒಂದು ಹಲ್ಲು ಸಡಿಲಾಗಿ ಸಾಲು ತಪ್ಪಿದರೆ, ಕೆಳಗಿನ ದವಡೆ ಹಲ್ಲುಗಳು ಒಳಕ್ಕೆ ವಾಲಿ ನಾಲಿಗೆಯ ಮೇಲೆ ಕಮಾನಿನ ಹಾಗೆ ಬೆಳೆಯುತ್ತವೆ. ನಾಲಿಗೆ ಅದರ ಕೆಳಗೆ ಸಿಕ್ಕಿಕೊಳ್ಳುತ್ತೆ, ತುತ್ತನ್ನು ಹಿಂದಕ್ಕೆ ತಳ್ಳಿ ನುಂಗೋಕೆ ಆಗಲ್ಲ. ಮೇಲಿನವು ಹೊರಕ್ಕೆ ಬೆಳೆದು ಕೆನ್ನೆಗೆ ಚುಚ್ಚುತ್ತವೆ. ಎಂಜಲು ನುಂಗೋಕೂ ಆಗದೆ ಗದ್ದಕ್ಕೆ ಇಳಿಯುತ್ತೆ. ರಾಮು ಗದ್ದ ಒದ್ದೆಯಾಗಿರೋದು ಹೀಗೆ ಅಂತ ನನ್ನ ಅನುಮಾನ.

ಮುಂದಿನ ಹಲ್ಲು ಉದ್ದ ಕಾಣೋದು ಬಹುತೇಕ ಇದರ ಪರಿಣಾಮ, ಕಾರಣ ಅಲ್ಲ. ಹಿಂದೆ ಅಗಿಯೋದು ನಿಂತಾಗ ಮುಂದೆ ಸವೆಯೋದೂ ನಿಲ್ಲುತ್ತೆ. ಇನ್ನೊಂದು ವಿಷಯ, ಆರೋಗ್ಯವಾಗಿರೋ ಗಿನಿಪಿಗ್‌ಗೂ ಕೆಳಗಿನ ಬಾಚಿ ಹಲ್ಲು ಮೇಲಿನದಕ್ಕಿಂತ ಉದ್ದವೇ ಇರುತ್ತೆ. ಅದನ್ನು ನೋಡಿ ಗಾಬರಿಯಾಗಿ ಕತ್ತರಿಸೋರು ಬಹಳ. ತುದಿ ನೆಟ್ಟಗಿಲ್ಲದೆ ಒಂದು ಕಡೆಗೆ ಓರೆಯಾಗಿ ಸವೆದಿದ್ದರೆ ಮಾತ್ರ ಹಿಂದಿನ ಹಲ್ಲಲ್ಲಿ ಏನೋ ಇದೆ ಅಂತ ತಿಳಿಯಬೇಕು.

ನೇಲ್ ಕಟರ್ ವಿಷಯ ನಾನು ಅನುಭವಿಸಿ ಹೇಳುತ್ತಿದ್ದೇನೆ. ನಮ್ಮ ಮೊದಲನೇ ಗಿನಿಪಿಗ್ ಗುಂಡನಿಗೆ ಇದೇ ಲಕ್ಷಣ. ತೋರಿಸಿದ ಕಡೆ ಒಬ್ಬರು ಕಟರ್ ತಗೊಂಡು ಟಕ್ ಅಂತ ಮುಂದಿನ ಹಲ್ಲು ಕತ್ತರಿಸಿದರು. ಒಂದು ಹಲ್ಲು ಒಣಗಿದ ಬಿದಿರು ಸೀಳಿದ ಹಾಗೆ ಉದ್ದಕ್ಕೆ ವಸಡಿನ ತನಕ ಸೀಳಿತು. ಅಲ್ಲಿವರೆಗೆ ಸೌತೆಕಾಯನ್ನಾದರೂ ಕಚ್ಚುತ್ತಿದ್ದವನು ಅದನ್ನೂ ಬಿಟ್ಟ. ಹಿಂದಿನ ಹಲ್ಲು ಯಾರೂ ನೋಡಲೇ ಇಲ್ಲ, ನೋಡಬೇಕು ಅಂತ ನನಗೂ ಗೊತ್ತಿರಲಿಲ್ಲ. ಆರನೇ ದಿನ ಹೋದ. ಅವನನ್ನು ಮನೆ ಹಿಂದಿನ ನುಗ್ಗೆ ಮರದ ಬುಡದಲ್ಲಿ ಇಟ್ಟೆವು. ಇಷ್ಟು ಉದ್ದ ಬರೆಯುತ್ತಿರೋದು ಅವನಿಗಾಗಿಯೇ.

ಆಂಟಿಬಯಾಟಿಕ್ ಸಿರಪ್ ಇನ್ನೂ ಅಪಾಯ. ಅಮಾಕ್ಸಿಸಿಲಿನ್, ಆಂಪಿಸಿಲಿನ್ ಥರದ ಪೆನಿಸಿಲಿನ್ ಜಾತಿಯ ಔಷಧಿ, ಕ್ಲಿಂಡಾಮೈಸಿನ್, ಲಿಂಕೊಮೈಸಿನ್, ಎರಿತ್ರೊಮೈಸಿನ್, ಇವನ್ನು ಗಿನಿಪಿಗ್ ಬಾಯಿಗೆ ಹಾಕಿದರೆ ಕರುಳಲ್ಲಿ ಹುಲ್ಲು ಅರಗಿಸೋ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಬಿಡೋ ಜಾತಿಯವು ಹೆಚ್ಚುತ್ತವೆ. ಭೇದಿಯಾಗಿ ಕೆಲವೇ ದಿನದಲ್ಲಿ ಸಾಯುತ್ತೆ. ಮಕ್ಕಳ ಆಂಟಿಬಯಾಟಿಕ್ ಸಿರಪ್‌ಗಳಲ್ಲಿ ಅಮಾಕ್ಸಿಸಿಲಿನ್ ಇರೋವು ಬಹಳ. ನಾಯಿ, ಹಸು ನೋಡೋ ಡಾಕ್ಟರು ಅಭ್ಯಾಸಬಲದಿಂದ ಬರೆದುಕೊಟ್ಟರೂ ವಿನಯವಾಗಿ ಕೇಳಿ: "ಸರ್, ಇದು ಗಿನಿಪಿಗ್‌ಗೆ ಆಗುತ್ತಾ?" ಸೋಂಕಿದ್ದರೆ ಎನ್ರೋಫ್ಲಾಕ್ಸಸಿನ್, ಟ್ರೈಮೆಥೊಪ್ರಿಮ್-ಸಲ್ಫಾ ಥರದ್ದನ್ನು ಲೆಕ್ಕ ಹಾಕಿ ಕೊಡುತ್ತಾರೆ. ನೋವಿಗೆ ಸಾಮಾನ್ಯವಾಗಿ ಮೆಲಾಕ್ಸಿಕಾಂ. ಎರಡೂ ಡಾಕ್ಟರು ತೂಕ ನೋಡಿ ಬರೆದುಕೊಟ್ಟಷ್ಟೇ. ನಮ್ಮ ನೋವಿನ ಮಾತ್ರೆ ಪುಡಿ ಮಾಡಿ ಹಾಕೋದು ಬೇಡ.

ಈಗ ಇವತ್ತು ನೀವು ಮಾಡಬೇಕಾದ್ದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಅಂಗಡಿಯವರ ಹತ್ತಿರ ಒಂದು ನಿಮಿಷ ಕೇಳಿ. ಸ್ಟೀಲ್ ಬೇಸಿನ್‌ನಲ್ಲಿ ಟವೆಲ್ ಹಾಸಿ, ತಕ್ಕಡಿ ಸೊನ್ನೆ ಮಾಡಿ, ರಾಮುನ ಕೂರಿಸಿ. ದೊಡ್ಡ ಗಿನಿಪಿಗ್ 700 ರಿಂದ 1200 ಗ್ರಾಂ ಇರುತ್ತೆ. ಅದರದ್ದು ಎಷ್ಟಿದೆ ಅನ್ನೋದಕ್ಕಿಂತ ಎಷ್ಟು ಇಳಿಯಿತು ಅನ್ನೋದು ಮುಖ್ಯ. ನಮ್ಮ ಎರಡನೆಯವಳು ಚಿನ್ನಿಯ ತೂಕವನ್ನು ಪ್ರತಿ ಭಾನುವಾರ ಕ್ಯಾಲೆಂಡರ್ ಚೌಕದಲ್ಲೇ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆ. 940, 925, ಆಮೇಲೆ ಒಮ್ಮೆಗೇ 880. ನೋಡೋಕೆ ಏನೂ ವ್ಯತ್ಯಾಸ ಇರಲಿಲ್ಲ, ಕೂದಲು ಗುಂಡಗೇ ಇತ್ತು. ಆ 880 ನೋಡಿ ಹುಲ್ಲಿನ ಬುಟ್ಟಿ ಮುಂದೆ ಕೂತು ಗಮನಿಸಿದೆ. ಒಂದು ಗರಿಕೆ ಎಳೆ ಬಾಯಿಗೆ ಎಳೆದುಕೊಂಡಳು, ತಲೆ ಒಂದು ಕಡೆ ವಾಲಿಸಿ ನಾಲ್ಕು ಸಲ ಅಗಿದಳು, ಎಳೆ ಹಾಗೇ ಹೊರಗೆ ಜಾರಿತು. ಕೈಗೆ ತಗೊಂಡು ನೋಡಿದರೆ ಒದ್ದೆ, ಒಂದು ಹಲ್ಲಿನ ಗುರುತೂ ಇಲ್ಲ. ಅವಳಿಗೆ ಚಿಕಿತ್ಸೆ ಸಮಯಕ್ಕೆ ಸಿಕ್ಕಿದ್ದು ಆ ಕ್ಯಾಲೆಂಡರ್‌ನಿಂದ. ವಾರದಲ್ಲಿ 50 ಗ್ರಾಂ ಇಳಿದರೆ ಕಾಯಬೇಡಿ. ಈಗಂತೂ ದಿನಾ ತೂಕ ಹಾಕಿ.

ಹಿಕ್ಕೆಯನ್ನೂ ನೋಡಿ. ಸಣ್ಣದಾಗಿ, ಒಣಗಿ, ಕಡಿಮೆಯಾಗಿದ್ದರೆ ಹೊಟ್ಟೆಗೆ ಏನೂ ಹೋಗುತ್ತಿಲ್ಲ ಅಂತ ಅರ್ಥ. ಗಿನಿಪಿಗ್ ಕರುಳು ಖಾಲಿ ಇರಬಾರದು. ಒಂದು ದಿನ ಪೂರ್ತಿ ತಿನ್ನದಿದ್ದರೆ ಕರುಳಿನ ಚಲನೆ ನಿಲ್ಲುತ್ತೆ, ಪಿತ್ತಜನಕಾಂಗಕ್ಕೆ ಕೊಬ್ಬು ತುಂಬುತ್ತೆ. ಹಲ್ಲಿಗಿಂತ ಮೊದಲು ಅದೇ ಕೊಲ್ಲುತ್ತೆ. ಹಾಗಾಗಿ ಡಾಕ್ಟರ ಹತ್ತಿರ ಹೋಗೋ ತನಕ ಸಿರಿಂಜ್‌ನಲ್ಲಿ ತಿನ್ನಿಸಬೇಕು.

ಗಿನಿಪಿಗ್ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ. ನೆರಳಲ್ಲಿ ಒಣಗಿಸಿದ ಗರಿಕೆಯನ್ನು ಮಿಕ್ಸಿಗೆ ಹಾಕಿ, ಜರಡಿ ಹಿಡಿದು, ಆ ಪುಡಿ ಸೇರಿಸಿ ಅಂಬಲಿ ಹದಕ್ಕೆ ಕಲಸಿ. ಹದ ಮಾತ್ರ ಅಂಬಲಿಯದ್ದು! ರಾಗಿ ಅಂಬಲಿ, ರಾಗಿ ಮಾಲ್ಟ್, ಮೊಸರನ್ನ, ಹಾಲು ಯಾವುದೂ ಕೊಡಬೇಡಿ, ಅವಕ್ಕೆ ಹಿಟ್ಟು, ಹಾಲು ಒಗ್ಗಲ್ಲ. ಮೆಡಿಕಲ್ ಶಾಪ್‌ನಲ್ಲಿ ಸೂಜಿ ಇಲ್ಲದ 1 ಮಿಲಿ ಸಿರಿಂಜ್ ನಾಲ್ಕೈದು ತಗೊಂಡು ತುದಿ ಕತ್ತರಿಸಿ, ಅಂಚು ಚುಚ್ಚದ ಹಾಗೆ ಉಜ್ಜಿ ನಯ ಮಾಡಿ. ರಾಮುನ ಟವೆಲ್‌ನಲ್ಲಿ ಸುತ್ತಿ, ಬೆನ್ನು ನಿಮ್ಮ ಹೊಟ್ಟೆಗೆ ಬರೋ ಹಾಗೆ ತೊಡೆ ಮೇಲೆ ಕೂರಿಸಿ. ಮುಂದಿನ ಹಲ್ಲಿನ ಹಿಂದೆ ಪಕ್ಕದಲ್ಲಿ ಹಲ್ಲಿಲ್ಲದ ಜಾಗ ಇದೆ, ಅಲ್ಲಿಂದ ತೂರಿಸಿ ಅರ್ಧ ಮಿಲಿಯಷ್ಟೇ ಬಿಡಿ. ದವಡೆ ಆಡೋದು ನಿಮ್ಮ ಅಂಗೈಗೆ ಗೊತ್ತಾಗುತ್ತೆ. ನುಂಗಿದ ಮೇಲೇ ಮುಂದಿನದು. ತಲೆ ಮೇಲಕ್ಕೆ ಎತ್ತಬೇಡಿ, ಅಂಗಾತ ಮಲಗಿಸಬೇಡಿ, ಶ್ವಾಸಕೋಶಕ್ಕೆ ಹೋದರೆ ಉಳಿಯಲ್ಲ. ಒಂದು ಕೆ.ಜಿ. ತೂಕದ ಪ್ರಾಣಿ ತಾನಾಗಿ ಏನೂ ತಿನ್ನದಿದ್ದರೆ ದಿನಕ್ಕೆ 60 ರಿಂದ 80 ಮಿಲಿ ಬೇಕು, ಐದಾರು ಸಲಕ್ಕೆ ಹಂಚಿ. ಮೊದಲ ದಿನ ಚಿನ್ನಿ ನನ್ನ ಸೀರೆಗೆಲ್ಲ ಉಗಿದಳು. ಮೂರನೇ ದಿನ ಸಿರಿಂಜ್ ಕಂಡರೆ ಅವಳೇ ಬಾಯಿ ಚಾಚುತ್ತಿದ್ದಳು. ಆಮೇಲೆ ಗದ್ದ ಒರೆಸಿ ಒಣಗಿಸಿ, ಇಲ್ಲದಿದ್ದರೆ ಚರ್ಮ ಹುಣ್ಣಾಗುತ್ತೆ.

ಇನ್ನು ಡಾಕ್ಟರು. ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಹಸು, ಕುರಿ ಚೆನ್ನಾಗಿ ನೋಡುತ್ತಾರೆ, ಆದರೆ ಈ ಪುಟ್ಟ ಬಾಯಿಗೆ ಬೇರೆ ಸಲಕರಣೆ ಬೇಕು. ನಾನು ಶಿಡ್ಲಘಟ್ಟದಿಂದ ಬೆಂಗಳೂರಿಗೇ ಹೋಗಿದ್ದೆ. ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜಿದೆ, ಮೊಲ, ಗಿನಿಪಿಗ್, ಪಕ್ಷಿ ನೋಡೋ ಖಾಸಗಿ ಕ್ಲಿನಿಕ್‌ಗಳೂ ಇವೆ. ಎಲ್ಲಿಗೇ ಹೋದರೂ ಹೊರಡೋ ಮುಂಚೆ ಫೋನ್ ಮಾಡಿ ಕೇಳಿ: ಗಿನಿಪಿಗ್ ದವಡೆ ಹಲ್ಲು ತೇಯ್ದು ಅಭ್ಯಾಸ ಇದೆಯಾ, ಗ್ಯಾಸ್ ಅರಿವಳಿಕೆ ಇದೆಯಾ, ತಲೆಯ ಎಕ್ಸ್‌ರೇ ತೆಗೆಯುತ್ತೀರಾ, ಖರ್ಚೆಷ್ಟು. ಅದರ ಕೆನ್ನೆಯ ಮಾಂಸ ಬಾಯಿ ಒಳಗೆ ಮಡಚಿಕೊಂಡಿರೋದರಿಂದ ಎಚ್ಚರ ಇರುವಾಗ ಟಾರ್ಚ್ ಬಿಟ್ಟು ನೋಡಿದರೆ ಪೂರ್ತಿ ಕಾಣಲ್ಲ. ಮೇಲೆ ಸರಿಯಿದ್ದು ಬೇರು ದವಡೆ ಮೂಳೆಯೊಳಗೆ ಬೆಳೆದಿರಬಹುದು, ಅದು ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗೋದು. ಕಣ್ಣಲ್ಲಿ ನೀರು, ಕಣ್ಣು ಉಬ್ಬೋದು, ದವಡೆ ಕೆಳಗೆ ಗಂಟು, ಇವಿದ್ದರೆ ತಪ್ಪದೆ ಹೇಳಿ. ಚೆನ್ನಾಗಿ ತಿಂದೂ ತೂಕ ಇಳಿಯುತ್ತಿದ್ದರೆ ಅದು ಬೇರೆ ದಾರಿ, ಮುದಿ ಗಿನಿಪಿಗ್‌ಗೆ ಥೈರಾಯ್ಡ್ ತೊಂದರೆ ಬರೋದುಂಟು. ರಾಮು ವಿಷಯ ಹಾಗಿಲ್ಲ ಅನಿಸುತ್ತೆ.

ಅರಿವಳಿಕೆಗೆ ಮುಂಚೆ ರಾತ್ರಿಯಿಂದ ಉಪವಾಸ ಇಡಿ ಅಂತ ಯಾರಾದರೂ ಅಂದರೆ ಇನ್ನೊಮ್ಮೆ ಕೇಳಿ. ಆ ನಿಯಮ ನಾಯಿಗೆ. ಗಿನಿಪಿಗ್‌ಗೆ ವಾಂತಿಯಾಗಲ್ಲ, ರಾತ್ರಿಯಿಡೀ ಉಪವಾಸ ಅದಕ್ಕೆ ಕೆಟ್ಟದ್ದು. ಬೆಳಿಗ್ಗೆ ತಂಪಲ್ಲೇ ಹೊರಡಿ, ಬಿಸಿಲು ಒಂದು ಚೂರೂ ತಡೆಯಲ್ಲ ಅದು. ಬುಟ್ಟಿಯಲ್ಲಿ ಗರಿಕೆ ಇರಲಿ, ತಿನ್ನಲಿ ಬಿಡಲಿ.

ಹಲ್ಲು ತೇಯ್ದು ಬಂದ ದಿನವೇ ಹುಲ್ಲು ತಿನ್ನುತ್ತೆ ಅಂತ ಕಾಯಬೇಡಿ. ಚಿನ್ನಿ ಐದು ದಿನ ತಗೊಂಡಳು. ಅಷ್ಟು ದಿನ ಅಗಿಯದೆ ದವಡೆಯ ಸ್ನಾಯು ಸೋತಿರುತ್ತೆ, ಬಾಯಲ್ಲಿ ಗಾಯವೂ ಇರುತ್ತೆ. ಸಿರಿಂಜ್, ನೋವಿನ ಔಷಧಿ ಮುಂದುವರಿಸಿ. ಒಮ್ಮೆ ಸಾಲು ತಪ್ಪಿದ ಹಲ್ಲು ಮತ್ತೆ ಬೆಳೆಯುತ್ತೆ, ನಾಲ್ಕರಿಂದ ಎಂಟು ವಾರಕ್ಕೊಮ್ಮೆ ತೋರಿಸಬೇಕಾಗಬಹುದು. ಇದನ್ನು ಮೊದಲೇ ಮನೆಯವರ ಹತ್ತಿರ ಮಾತಾಡಿಕೊಳ್ಳಿ, ಖರ್ಚಿನ ವಿಷಯ.

ಮೇವಿನ ವಿಷಯಕ್ಕೆ ಬಂದರೆ ನಮ್ಮ ಸೀಮೆಯವರಿಗೆ ಕೊರತೆ ಇಲ್ಲ. ದಿನದ ಊಟದ ಮುಕ್ಕಾಲು ಪಾಲು ಹುಲ್ಲೇ ಇರಬೇಕು, ಗರಿಕೆ ಎಲ್ಲಕ್ಕಿಂತ ಒಳ್ಳೆಯದು. ಒಣ ರಾಗಿ ಹುಲ್ಲನ್ನು ಕೊಡಬಹುದು, ಆದರೆ ದಪ್ಪ ಕಡ್ಡಿ ತೆಗೆದು ಎಲೆ ಭಾಗ ಕೊಡಿ, ನೋವಿರೋ ಬಾಯಿಗೆ ಈಗಲೇ ಬೇಡ. ಕುದುರೆ ಮೆಂತ್ಯ, ಅದೇ ಲೂಸರ್ನ್, ಹಸುವಿಗೆ ತಂದಿದ್ದರಲ್ಲಿ ದಿನಾ ಹಾಕಬೇಡಿ. ಸುಣ್ಣದ ಅಂಶ ಜಾಸ್ತಿ, ಮೂತ್ರಕೋಶದಲ್ಲಿ ಕಲ್ಲಾಗುತ್ತೆ. ನಮ್ಮದು ರೇಷ್ಮೆ ಮನೆ, ಹಿಪ್ಪುನೇರಳೆ ಸೊಪ್ಪು ಅವಕ್ಕೆ ಪ್ರಾಣ. ಅದನ್ನೂ ದಿನಕ್ಕೆ ಎರಡು ಮೂರು ಎಲೆಗೆ ನಿಲ್ಲಿಸಿ, ತೋಟದಿಂದ ನೇರ ಕಿತ್ತದ್ದನ್ನೇ ಕೊಡಿ. ಹುಳ ತಿಂದು ಉಳಿದ ಸೊಪ್ಪು ಮುಟ್ಟಿಸಬೇಡಿ, ಹುಳ ಮೇಯೋ ಹಾಸಿಗೆಗೆ ಸುಣ್ಣ, ಔಷಧಿ ಪುಡಿ ಚಿಮುಕಿಸಿರುತ್ತಾರೆ. ಟೊಮೇಟೊ ಗಿಡದ ಎಲೆ, ಕಾಂಡ ವಿಷ, ಕೋಲಾರದ ಕಡೆ ಎಲ್ಲೆಲ್ಲೂ ಬಿದ್ದಿರೋದರಿಂದ ಹೇಳುತ್ತಿದ್ದೇನೆ.

ವಿಟಮಿನ್ ಸಿ ಹಲ್ಲಿಗೆ ನೇರ ಸಂಬಂಧಪಟ್ಟದ್ದು. ನಮ್ಮ ಹಾಗೆ ಗಿನಿಪಿಗ್ ದೇಹವೂ ಅದನ್ನು ತಯಾರಿಸಿಕೊಳ್ಳಲ್ಲ. ಕಡಿಮೆಯಾದರೆ ಹಲ್ಲು ಹಿಡಿದಿಟ್ಟಿರೋ ಅಂಗಾಂಶ ಸಡಿಲಾಗಿ ಸಾಲು ತಪ್ಪುತ್ತೆ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 10 ರಿಂದ 30 ಮಿಲಿಗ್ರಾಂ ಬೇಕು, ಕಾಯಿಲೆಯಲ್ಲಿ ಇನ್ನೂ ಜಾಸ್ತಿ. ಮೊಲದ ಪೆಲೆಟ್ ಹಾಕುತ್ತಿದ್ದರೆ ನಿಲ್ಲಿಸಿ, ಮೊಲಕ್ಕೆ ಅದು ಬೇಡವಾದ್ದರಿಂದ ಅದರಲ್ಲಿ ಸೇರಿಸಿರಲ್ಲ. 25 ಗ್ರಾಂ ದಪ್ಪ ಮೆಣಸಿನಕಾಯಿಯಲ್ಲಿ ಸುಮಾರು 20 ಮಿಲಿಗ್ರಾಂ ಸಿಗುತ್ತೆ, ಬೀಜ, ತೊಟ್ಟು ತೆಗೆದು ಸಣ್ಣಗೆ ತುರಿದು ಕೊಡಿ. ಸೀಬೆ ಹಣ್ಣಲ್ಲೂ ಚೆನ್ನಾಗಿದೆ, ಸಿಹಿ ಇರೋದರಿಂದ ಒಂದು ಚೂರು ಸಾಕು. ನೀರಿಗೆ ಬೆರೆಸಿದರೆ ಬೇಗ ಕೆಡುತ್ತೆ. ಸಕ್ಕರೆ ಹಾಕಿದ ಚೀಪುವ ಮಾತ್ರೆ ಬೇಡ, ಸಾದಾ ಮಾತ್ರೆಯ ಚೂರನ್ನು ಸಿರಿಂಜ್ ಊಟಕ್ಕೆ ಪುಡಿ ಮಾಡಿ ಹಾಕಿ.

ಒಂದು ಕಷ್ಟದ ಮಾತೂ ಹೇಳಲೇಬೇಕು. ಎಕ್ಸ್‌ರೇಯಲ್ಲಿ ಬೇರು ಮೂಳೆ ತೂರಿದ್ದರೆ, ದವಡೆಯಲ್ಲಿ ಗಟ್ಟಿ ಕೀವು ಕಟ್ಟಿದ್ದರೆ, ಔಷಧಿ ಕೊಟ್ಟರೂ ಮುದುಡಿ ಮೂಲೆಯಲ್ಲೇ ಕೂತಿದ್ದರೆ, ನೋವಿಲ್ಲದೆ ಕಳಿಸಿಕೊಡೋ ಬಗ್ಗೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ಅದರಲ್ಲಿ ತಪ್ಪಿಲ್ಲ ಅಕ್ಕಾ. ಆದರೆ ಆ ತೀರ್ಮಾನ ಬಾಯಿ ನೋಡಿದ ಮೇಲೆ ಆಗಬೇಕು, ಅದಕ್ಕೆ ಮುಂಚೆ ಅಲ್ಲ. ಚಿನ್ನಿ ಐದನೇ ವರ್ಷದಲ್ಲಿ ಹಲ್ಲು ತೇಯಿಸಿಕೊಂಡು ಮತ್ತೆ ಒಂದು ವರ್ಷ ನಾಲ್ಕು ತಿಂಗಳು ಇದ್ದಳು, ಕೊನೆ ವಾರದ ತನಕ ಸೊಪ್ಪಿನ ಕವರ್ ಶಬ್ದಕ್ಕೆ ವೀಕ್ ವೀಕ್ ಅಂತ ಕೂಗುತ್ತಿದ್ದಳು.

ಜರಡಿ ಹಿಡಿದ ಗರಿಕೆ ಪುಡಿ ನನ್ನ ಹತ್ತಿರ ಒಂದು ಡಬ್ಬಿ ಇದೆ, ತುದಿ ಕತ್ತರಿಸಿಟ್ಟ ಹೊಸ ಸಿರಿಂಜ್ ಆರಿವೆ. ನಮ್ಮ ಯಜಮಾನರು ನಾಳೆ ಕೋಲಾರಕ್ಕೆ ಬರುತ್ತಿದ್ದಾರೆ, ಬಸ್ ಸ್ಟ್ಯಾಂಡ್ ಹತ್ತಿರ ಯಾರನ್ನಾದರೂ ಕಳಿಸೋಕೆ ಆದರೆ ಇನ್‌ಬಾಕ್ಸ್‌ನಲ್ಲಿ ಒಂದು ಮಾತು ಹಾಕಿ. ಇವತ್ತಿನ ತೂಕ ಎಷ್ಟು ಬಂತು ಅನ್ನೋದನ್ನೂ ಬರೆಯಿರಿ.