ಮೂವತ್ತು ದಾಟಿದರೂ ಬಿಡದ ಮೊಡವೆ: ಓದುಗರ ಪ್ರಶ್ನೆ, ಚರ್ಮರೋಗ ತಜ್ಞರ ಉತ್ತರ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರ ಪ್ರಶ್ನೆಗಳನ್ನು ಹೆಸರು ಬಿಟ್ಟು, ಅವರವರ ಮಾತಿನಲ್ಲೇ ಇಲ್ಲಿ ಕೊಟ್ಟಿದೆ.

ಪ್ರಶ್ನೆ: ನನಗ 32 ವರ್ಷ. ಸೇಡಂ ಹತ್ರ ಒಂದು ಸಾಲ್ಯಾಗ ಟೀಚರ್ ಇದೀನಿ. ನಾಕು ವರ್ಷದಿಂದ ಗದ್ದ, ದವಡಿ ಅಂಚಿಗೆ ಗಟ್ಟಿ ಗುಳ್ಳಿ ಏಳ್ತಾವ. ಮುಟ್ಟಾಗೋ ವಾರ ಮೊದಲ ಭಾಳ ಜಾಸ್ತಿ. ಮುಟ್ಟು ಸಹಿತ 45 ದಿನಕ್ಕ, ಒಮ್ಮೊಮ್ಮಿ ಎರಡು ತಿಂಗಳಿಗೆ ಬರ್ತದ. ಮೂರು ಥರ ಕ್ರೀಮ್ ಹಚ್ಚಿದೆ, ಒಂದೊಂದು ತಿಂಗಳು. ಒಂದೂ ತಾಗಲಿಲ್ಲ. ಪೂರ್ತಿ ಹೋಗೋ ಔಷಧ ಇಲ್ಲೇನ್ರಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ: 'ಒಂದೊಂದು ತಿಂಗಳು'. ಇವತ್ತು ಗದ್ದದ ಮೇಲೆ ಎದ್ದ ಗುಳ್ಳೆ ಇವತ್ತು ಹುಟ್ಟಿದ್ದಲ್ಲ. ಕೂದಲಿನ ಬುಡದ ರಂಧ್ರದಲ್ಲಿ ಸತ್ತ ಚರ್ಮ ಮತ್ತು ಜಿಡ್ಡು ಸೇರಿ ಕಣ್ಣಿಗೆ ಕಾಣದ ಬಿರಡೆ ಕಟ್ಟುತ್ತದೆ. ಅದು ಊದಿ, ಕೆಂಪಾಗಿ ಮೇಲೆ ಬರಲು ಸುಮಾರು 8 ವಾರ ಹಿಡಿಯುತ್ತದೆ. ಎಂಥ ಒಳ್ಳೆಯ ಔಷಧ ಹಚ್ಚಿದರೂ ಮೊದಲ ಎರಡು ತಿಂಗಳು ಆ ಹಳೆಯ ಬಾಕಿ ಏಳುತ್ತಲೇ ಇರುತ್ತದೆ. 12 ವಾರ ಬಿಡದೆ ಹಚ್ಚಿ ನೋಡಿದ ಮೇಲಷ್ಟೇ ಒಂದು ಔಷಧ ತಾಗಿತೋ ಇಲ್ಲವೋ ಹೇಳಬಹುದು. ನೀವು ಮೂರನ್ನೂ ಫಲ ಬರುವ ಮುಂಚೆಯೇ ಬಿಟ್ಟಿದ್ದೀರಿ.

ಇನ್ನರ್ಧ ಉತ್ತರ ಮುಟ್ಟಿನ ಲೆಕ್ಕದಲ್ಲಿದೆ. ದೊಡ್ಡ ವಯಸ್ಸಿನ ಹೆಣ್ಣುಮಕ್ಕಳಿಗೆ ಮೊಡವೆ ಗದ್ದ, ದವಡೆ, ಕುತ್ತಿಗೆಯ ಮೇಲ್ಭಾಗದಲ್ಲಿ ಹೆಚ್ಚಾಗಿ ಏಳುವುದು, ಮುಟ್ಟಿನ ಹಿಂದಿನ ವಾರ ಕೆರಳುವುದು ಹಾರ್ಮೋನಿನ ಗುರುತು. ಮುಟ್ಟಿನ ಅಂತರ 35 ದಿನ ದಾಟುತ್ತಿದ್ದರೆ, ಜೊತೆಗೆ ಗದ್ದದ ಮೇಲೆ ದಪ್ಪ ಕೂದಲು, ನೆತ್ತಿಯ ಕೂದಲು ತೆಳುವಾಗುವುದು, ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ, ತೂಕ ಏರುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಪಿಸಿಒಎಸ್ (ಅಂಡಾಶಯ ಮತ್ತು ಹಾರ್ಮೋನಿನ ಏರುಪೇರು) ಇದೆಯೇ ಎಂದು ನೋಡಲೇಬೇಕು. ಮುಟ್ಟಾದ ಎರಡರಿಂದ ಐದನೇ ದಿನದೊಳಗೆ ರಕ್ತ ಕೊಡಿ: ಟೆಸ್ಟೋಸ್ಟೆರಾನ್, ಡಿಎಚ್‌ಇಎ-ಎಸ್, ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್, ಜೊತೆಗೆ ಸಕ್ಕರೆ. ಹೊಟ್ಟೆಯ ಸ್ಕ್ಯಾನಿಂಗ್ ಬೇರೆ. ಎಲ್ಲ ವರದಿ ಸರಿಯಿದ್ದೂ ಮೊಡವೆ ಬರುವವರು ಬಹಳ ಜನ. ಅಂಥವರಲ್ಲಿ ಹಾರ್ಮೋನ್ ಹೆಚ್ಚಿರುವುದಿಲ್ಲ, ಜಿಡ್ಡಿನ ಗ್ರಂಥಿ ಅದಕ್ಕೆ ಹೆಚ್ಚು ಸ್ಪಂದಿಸುತ್ತಿರುತ್ತದೆ.

ವರದಿ ಬರುವವರೆಗೆ ಹಚ್ಚುವ ಕೆಲಸ ಶುರುವಾಗಲಿ. ರಾತ್ರಿಗೆ ಅಡಾಪಲೀನ್ 0.1 ಶೇಕಡಾ ಜೆಲ್. ಮುಖ ತೊಳೆದು ಒರೆಸಿದ ಮೇಲೆ 15 ನಿಮಿಷ ಬಿಡಿ. ಹಸಿ ಮುಖಕ್ಕೆ ಹಚ್ಚಿದರೆ ಉರಿ ಹೆಚ್ಚು. ಒಂದು ಬಟಾಣಿ ಕಾಳಿನಷ್ಟು ತೆಗೆದು ಹಣೆ, ಎರಡು ಕೆನ್ನೆ, ಮೂಗು, ಗದ್ದಕ್ಕೆ ಐದು ಚುಕ್ಕಿ ಇಟ್ಟು ಇಡೀ ಮುಖಕ್ಕೆ ಸವರಿ. ಗುಳ್ಳೆಯ ಮೇಲೆ ಮಾತ್ರ ಹಚ್ಚುವುದು ಎಲ್ಲರೂ ಮಾಡುವ ತಪ್ಪು. ಅದು ಎದ್ದ ಗುಳ್ಳೆಯ ಔಷಧವಲ್ಲ, ಏಳಲಿರುವ ಗುಳ್ಳೆಯದು. ಕಣ್ಣಿನ ಸುತ್ತ, ಮೂಗಿನ ಮೂಲೆ, ತುಟಿಯ ತುದಿ ಬಿಡಿ. ಮೊದಲ ಎರಡು ವಾರ ಸೋಮವಾರ, ಬುಧವಾರ, ಶುಕ್ರವಾರ ಮಾತ್ರ. ಆಮೇಲೆ ದಿನ ಬಿಟ್ಟು ದಿನ, ತಿಂಗಳ ಕೊನೆಗೆ ದಿನಾ. ಎರಡನೇ ವಾರದಿಂದ ಆರನೇ ವಾರದ ನಡುವೆ ಮೊಡವೆ ಒಮ್ಮೆ ಹೆಚ್ಚಾದಂತೆ ಕಂಡು ಬಹುಪಾಲು ಜನ ಬಿಟ್ಟುಬಿಡುವುದು ಅಲ್ಲೇ. ಸಿಪ್ಪೆ ಏಳುತ್ತಿದ್ದರೆ ಬಿಡಬೇಡಿ, ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಜೆಲ್ ಹಚ್ಚಿ.

ಬೆಳಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ 2.5 ಶೇಕಡಾ ಸಾಕು. 5 ಅಥವಾ 10 ಕೊಂಡರೆ ಗುಣ ಹೆಚ್ಚಾಗುವುದಿಲ್ಲ, ಉರಿ ಮಾತ್ರ ಹೆಚ್ಚು. ಇದು ಬಣ್ಣದ ಬಟ್ಟೆಯನ್ನು ಸುಟ್ಟಂತೆ ಬಿಳಿಚಿಸುತ್ತದೆ, ಇಳಕಲ್ ಸೀರೆಯ ಸೆರಗಿಗೆ ತಾಗೀತು ಜೋಕೆ. ಕ್ಲಿಂಡಾಮೈಸಿನ್ ಜೆಲ್ ಕೊಟ್ಟಿದ್ದರೆ ಅದೊಂದನ್ನೇ ಹಚ್ಚಬೇಡಿ. ಜೊತೆಗೆ ಬೆಂಜಾಯಿಲ್ ಇಲ್ಲದಿದ್ದರೆ ಕೆಲವು ತಿಂಗಳಲ್ಲಿ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುತ್ತದೆ.

ಹಾರ್ಮೋನಿನ ಮೊಡವೆ ಹಚ್ಚುವ ಔಷಧಕ್ಕಷ್ಟೇ ಜಗ್ಗದಿದ್ದರೆ ಹೆಣ್ಣುಮಕ್ಕಳಿಗೆ ಸ್ಪೈರೊನೊಲ್ಯಾಕ್ಟೋನ್ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ 50 ಮಿಲಿಗ್ರಾಂನಿಂದ ಶುರು, 100ರವರೆಗೆ. ಇದಕ್ಕೂ ಮೂರು ತಿಂಗಳ ತಾಳ್ಮೆ ಬೇಕು. ಮೂತ್ರ ಹೆಚ್ಚಾಗುತ್ತದೆ, ತಲೆ ಹಗುರಾಗಬಹುದು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪೊಟ್ಯಾಶಿಯಂ ಏರುವ ಭಯವಿದೆ. ಮಗು ಬೇಕೆಂದಿರುವವರು ತೆಗೆದುಕೊಳ್ಳುವಂತಿಲ್ಲ. ಗಂಡಸರಿಗೆ ಎದೆ ಊದುವುದರಿಂದ ಅವರಿಗೆ ಇದನ್ನು ಕೊಡುವುದಿಲ್ಲ.

'ಪೂರ್ತಿ ಹೋಗೋ ಔಷಧ' ಅಂದಿರಿ. ಮೊಡವೆಯನ್ನು ಬಿಪಿಯ ಹಾಗೆ ನೋಡಿ: ಹತೋಟಿಗೆ ಬರುತ್ತದೆ, ಬಿಟ್ಟರೆ ತಿರುಗಿ ಬರುತ್ತದೆ. ಮುಖ ತಿಳಿಯಾದ ಮೇಲೂ ಅಡಾಪಲೀನನ್ನು ವಾರಕ್ಕೆ ಮೂರು ರಾತ್ರಿ ಮುಂದುವರಿಸಬೇಕು. ಆದರೆ ಗರ್ಭಿಣಿಯಾದ ದಿನವೇ ನಿಲ್ಲಿಸಬೇಕು. ಆಗ ಮತ್ತು ಹಾಲೂಡಿಸುವಾಗ ಅಜೆಲಾಯಿಕ್ ಆಮ್ಲ 10ರಿಂದ 20 ಶೇಕಡಾ ನಿರ್ಭಯವಾಗಿ ಹಚ್ಚಬಹುದು.

ಪ್ರಶ್ನೆ: ಶಹಾಬಾದಿನಿಂದ. ವಯಸ್ಸು 29. ಮೆಡಿಕಲ್ ಅಂಗಡಿಯವರು ಕೊಟ್ಟ ಟ್ಯೂಬ್ ಹಚ್ಚಿದಾಗ ನಾಲ್ಕೇ ದಿನಕ್ಕೆ ಮೊಡವೆ ಮಾಯ, ಮುಖವೂ ಬೆಳ್ಳಗಾಯಿತು. ಎಂಟು ತಿಂಗಳು ಹಚ್ಚಿದೆ. ಈಗ ಒಂದು ದಿನ ಬಿಟ್ಟರೂ ಮುಖ ಕೆಂಡದಂತೆ ಉರಿಯುತ್ತದೆ, ಸಣ್ಣ ಗುಳ್ಳೆ ತುಂಬಿಕೊಳ್ಳುತ್ತವೆ.

ಉತ್ತರ: ನಾಲ್ಕು ದಿನಕ್ಕೆ ಮೊಡವೆ ಮಾಯ ಮಾಡುವ ಕ್ರೀಮ್ ಯಾವುದೂ ಇಲ್ಲ, ಒಂದೇ ಒಂದನ್ನು ಬಿಟ್ಟು: ಸ್ಟಿರಾಯ್ಡ್. ಟ್ಯೂಬನ್ನು ತಿರುಗಿಸಿ ಸಣ್ಣ ಅಕ್ಷರ ಓದಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೊಲೋನ್ ಇವುಗಳಲ್ಲಿ ಒಂದು ಇರುತ್ತದೆ. ಜೊತೆಗೆ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಸೇರಿದ್ದರೆ ಅದು ಬಂಗಿನ ಔಷಧ, ಅದೂ ಕೆಲವೇ ವಾರದ್ದು. ಸ್ಟಿರಾಯ್ಡ್ ಊತವನ್ನು ಅಡಗಿಸುತ್ತದೆ, ಬಿರಡೆಯನ್ನು ಮುಟ್ಟುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ದಾರದಂಥ ಕೆಂಪು ನರಗಳು ಕಾಣತೊಡಗುತ್ತವೆ, ಕೆನ್ನೆಯಲ್ಲಿ ಕೂದಲು ಹುಟ್ಟುತ್ತದೆ, ಬಿಸಿಲು ತಾಗದಂತಾಗುತ್ತದೆ. ಕೊನೆಗೆ ಅದೇ ಮೊಡವೆ ತರುತ್ತದೆ, ಎಲ್ಲ ಒಂದೇ ಅಳತೆಯ ಗುಳ್ಳೆಗಳು. ನಮ್ಮ ದೇಶದಲ್ಲಿ ಇದು ಎಷ್ಟು ಸಾಮಾನ್ಯವೆಂದರೆ 'ಸ್ಟಿರಾಯ್ಡಿನಿಂದ ಹಾಳಾದ ಮುಖ' ಎಂದು ವೈದ್ಯರು ಇದಕ್ಕೆ ಪ್ರತ್ಯೇಕ ಹೆಸರೇ ಇಟ್ಟಿದ್ದಾರೆ. 2018ರಲ್ಲಿ ಇಂಥ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಟ್ಯೂಬಿನ ಮೇಲಿನ ಕೆಂಪು ಗೆರೆಯ ಅರ್ಥ ಅದೇ. ಆದರೂ ಗಲ್ಲೆಯ ಮೇಲೆ ದುಡ್ಡಿಟ್ಟರೆ ಸಿಗುತ್ತದೆ, ಆ ಮಾತು ಬೇರೆ.

ಎಂಟು ತಿಂಗಳ ಮೇಲೆ ಒಮ್ಮೆಲೇ ಬಿಟ್ಟರೆ ಉರಿ ತಡೆಯಲಾಗದೆ ಮತ್ತೆ ಅದನ್ನೇ ಹಚ್ಚುತ್ತೀರಿ. ಟ್ಯೂಬನ್ನು ಕೈಯಲ್ಲಿ ಹಿಡಿದು ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್ ಇದೆ. ಶಕ್ತಿ ಕಡಿಮೆ ಇರುವ ಸ್ಟಿರಾಯ್ಡಿಗೆ ಇಳಿಸಿ, ದಿನದ ಅಂತರ ಹೆಚ್ಚಿಸಿ, ಅಗತ್ಯವಿದ್ದರೆ ಟ್ಯಾಕ್ರೊಲಿಮಸ್ ಮುಲಾಮು, ಡಾಕ್ಸಿಸೈಕ್ಲಿನ್ ಗುಳಿಗೆ ಕೊಟ್ಟು ಬಿಡಿಸುತ್ತಾರೆ. ಮುಖ ಕೆಂಡವಾದಾಗ ತಣ್ಣೀರಿನಲ್ಲಿ ಅದ್ದಿದ ತೆಳು ಹತ್ತಿಬಟ್ಟೆಯನ್ನು 10 ನಿಮಿಷ ಇಟ್ಟು, ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಅಡಾಪಲೀನ್, ಬೆಂಜಾಯಿಲ್, ಸ್ಕ್ರಬ್, ನಿಂಬೆರಸ, ಮುಲ್ತಾನಿ ಮಿಟ್ಟಿ ಯಾವುದೂ ಈಗ ಬೇಡ.

ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ಒಂದು ಮಾತು. ಊಟದ ಮೇಲೆ, ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಹಾಲು, ಕಬ್ಬಿಣದ ಗುಳಿಗೆ, ಅಸಿಡಿಟಿ ಔಷಧದ ಜೊತೆಗೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಏಪ್ರಿಲ್–ಮೇ ತಿಂಗಳಿನಲ್ಲಿ ಪಾರಾ 42 ದಾಟುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಪ್ರಶ್ನೆ: ಬೀದರ್, 34 ವರ್ಷ, ತೂಕ 55 ಕೆಜಿ. ವೈದ್ಯರು ಐಸೊಟ್ರೆಟಿನಾಯಿನ್ 20 ಬರೆದಿದ್ದಾರೆ. ಅತ್ತೆಯವರು 'ಲಿವರ್ ಹೋಗ್ತದ, ಮಕ್ಕಳಾಗಲ್ಲ' ಅಂತಾರೆ. ಎಷ್ಟು ದಿನ ತಿನ್ನಬೇಕು?

ಉತ್ತರ: ಜಿಡ್ಡಿನ ಗ್ರಂಥಿಯನ್ನೇ ಕುಗ್ಗಿಸುವ ಔಷಧ ಇದೊಂದೇ. ವಿಟಮಿನ್ ಎ ಜಾತಿಯದು, 1982ರಿಂದ ಬಳಕೆಯಲ್ಲಿದೆ. ಲೆಕ್ಕ ಹೀಗೆ: ಚಿಕಿತ್ಸೆ ಮುಗಿಯುವ ಹೊತ್ತಿಗೆ ಒಟ್ಟು ಪ್ರಮಾಣ ತೂಕದ ಪ್ರತಿ ಕೆಜಿಗೆ 120ರಿಂದ 150 ಮಿಲಿಗ್ರಾಂ ಆಗಬೇಕು. ನಿಮಗೆ ಕನಿಷ್ಠ 6,600. ದಿನಕ್ಕೆ 20 ಆದರೆ 330 ದಿನ, ಅಂದರೆ 11 ತಿಂಗಳು. 30 ಆದರೆ 220 ದಿನ. ಮೂರನೇ ತಿಂಗಳಿಗೆ ಮುಖ ತಿಳಿಯಾಯಿತೆಂದು ಬಿಡುವವರಿಗೆ ಮೊಡವೆ ತಿರುಗಿ ಬರುವುದು ಈ ಲೆಕ್ಕ ತುಂಬದ ಕಾರಣಕ್ಕೆ.

ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅರ್ಧದಷ್ಟೂ ಮೈಗೆ ಹತ್ತುವುದಿಲ್ಲ. ಎಣ್ಣೆ ತುಪ್ಪವಿರುವ ಊಟದ ಜೊತೆ ತೆಗೆದುಕೊಳ್ಳಿ. ಶ್ರಾವಣದ ಒಪ್ಪತ್ತು ಹಿಡಿಯುವವರು ಆ ಒಂದು ಊಟಕ್ಕೆ, ರೋಜಾ ಇರುವವರು ರಾತ್ರಿ ಊಟಕ್ಕೆ ಹೊಂದಿಸಿಕೊಳ್ಳಲಿ.

ಅತ್ತೆಯವರ ಮಾತಿನಲ್ಲಿ ಒಂದೆಳೆ ಸತ್ಯ ಇದೆ, ಆದರೆ ಅದು ಬೇರೆ ಕಡೆ ಇದೆ. ಮುಂದೆ ಮಕ್ಕಳಾಗುವುದಕ್ಕೆ ಇದು ಅಡ್ಡಿಯಲ್ಲ. ಔಷಧ ನಡೆಯುತ್ತಿರುವಾಗ ಗರ್ಭ ನಿಂತರೆ ಮಾತ್ರ ಮಗುವಿನ ಹೃದಯ, ಮಿದುಳು, ಕಿವಿಗೆ ತೀವ್ರ ಊನವಾಗುವ ಅಪಾಯ ಬಹಳ. ಶುರು ಮಾಡುವ ಮುಂಚೆ ಗರ್ಭ ಪರೀಕ್ಷೆ, ನಡೆಯುವಷ್ಟು ಕಾಲ ಮತ್ತು ಮುಗಿದ ಮೇಲೆ ಒಂದು ತಿಂಗಳು ಗರ್ಭನಿರೋಧಕ. ಇದರಲ್ಲಿ ರಿಯಾಯಿತಿ ಇಲ್ಲ. ಈ ಅವಧಿಯಲ್ಲಿ ರಕ್ತದಾನವೂ ಬೇಡ, ಆ ರಕ್ತ ಯಾವ ಗರ್ಭಿಣಿಗೆ ಹೋಗುತ್ತದೋ ಯಾರಿಗೆ ಗೊತ್ತು. ಲಿವರ್ ಮತ್ತು ಕೊಬ್ಬಿನ ರಕ್ತಪರೀಕ್ಷೆಯನ್ನು ಮೊದಲೊಮ್ಮೆ, ಎರಡು ತಿಂಗಳೊಳಗೆ ಇನ್ನೊಮ್ಮೆ ಮಾಡಿಸಿ, ಲಿವರಿನ ಭಯಕ್ಕೆ ಆ ಎಚ್ಚರ ಸಾಕು. ತುಟಿ ಒಡೆಯುವುದು ಎಲ್ಲರಿಗೂ ಆಗುತ್ತದೆ, ಪೆಟ್ರೋಲಿಯಂ ಜೆಲ್ಲಿ ಜೊತೆಗಿರಲಿ. ಒಡೆಯದಿದ್ದರೆ ಗುಳಿಗೆ ಸರಿಯಾಗಿ ನುಂಗುತ್ತಿದ್ದೀರಾ ಎಂದೇ ಕೇಳಬೇಕಾಗುತ್ತದೆ. ಹುಬ್ಬು, ಮೇಲ್ತುಟಿಗೆ ವ್ಯಾಕ್ಸಿಂಗ್ ಮಾಡಿಸಬೇಡಿ, ಚರ್ಮವೇ ಕಿತ್ತು ಬರುತ್ತದೆ. ಮುಗಿದ ಮೇಲೂ ಆರು ತಿಂಗಳು ಕಾಯಿರಿ. ಇದರ ಜೊತೆಗೆ ವಿಟಮಿನ್ ಎ ಗುಳಿಗೆಯೂ ಬೇಡ, ಡಾಕ್ಸಿಸೈಕ್ಲಿನ್ ಕೂಡ ಬೇಡ. ಎರಡನೆಯದರ ಜೊತೆ ಸೇರಿದರೆ ತಲೆಯೊಳಗಿನ ಒತ್ತಡ ಏರುತ್ತದೆ. ಮನಸ್ಸು ಕುಗ್ಗಿದಂತಾದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.

ಪ್ರಶ್ನೆ: ಕಲಬುರಗಿ, 27. ಜಿಮ್‌ಗೆ ಹೋಗ್ತೀನಿ. ಬೆನ್ನು, ಭುಜ, ಹಣಿ ಮ್ಯಾಲ ಸಣ್ಣ ಗುಳ್ಳಿ, ಭಾಳ ತುರಿಕಿ. ಅಜಿತ್ರೊಮೈಸಿನ್ ಮೂರು ಸಲ ತಿಂದೆ, ಇನ್ನಾ ಜಾಸ್ತಿ ಆದವು.

ಉತ್ತರ: ಮೊಡವೆ ನೋಯುತ್ತದೆ, ಇಷ್ಟು ತುರಿಸುವುದಿಲ್ಲ. ಒಂದೇ ಗಾತ್ರದ, ಕಪ್ಪು ತಲೆಯಿಲ್ಲದ, ಬೆವರಿದಾಗ ತುರಿಸುವ ಗುಳ್ಳೆ ಬಹುತೇಕ ಮಲಾಸೀಜಿಯಾ ಎಂಬ ಶಿಲೀಂಧ್ರದ ಕೆಲಸ. ಆಂಟಿಬಯೋಟಿಕ್ ಅದರ ಎದುರಾಳಿ ಬ್ಯಾಕ್ಟೀರಿಯಾಗಳನ್ನು ಕೊಂದು ಅದಕ್ಕೇ ಜಾಗ ಮಾಡಿಕೊಟ್ಟಿದೆ. ಕೀಟೊಕೊನಜೋಲ್ 2 ಶೇಕಡಾ ಶ್ಯಾಂಪೂವನ್ನು ಒದ್ದೆ ಬೆನ್ನಿಗೆ, ಭುಜಕ್ಕೆ ಹಚ್ಚಿ 5 ನಿಮಿಷ ಬಿಟ್ಟು ತೊಳೆಯಿರಿ. ಎರಡು ವಾರ ದಿನಾ, ಆಮೇಲೆ ವಾರಕ್ಕೊಮ್ಮೆ. ಮೈಗೆ ಕೊಬ್ಬರಿ ಎಣ್ಣೆ ಬೇಡ, ಅದು ಶಿಲೀಂಧ್ರದ ಊಟ. ಬೆವರಿದ ಬನಿಯನ್ನಿನಲ್ಲೇ ಬೈಕ್ ಹತ್ತಿ ಮನೆಗೆ ಬರುವುದು ಬಿಡಿ. ತಗ್ಗದಿದ್ದರೆ ನುಂಗುವ ಔಷಧ ಬೇಕಾಗುತ್ತದೆ. ಪ್ರೋಟೀನ್ ಪುಡಿ ಹಾಲಿನ ವ್ಹೇಯದಾದರೆ ಎರಡು ತಿಂಗಳು ಬಿಟ್ಟು ನೋಡಿ. ಮೈ ಬೆಳೆಸುವ ಇಂಜೆಕ್ಷನ್ ಯಾರಾದರೂ ಕೊಟ್ಟಿದ್ದರೆ ವೈದ್ಯರಿಗೆ ನಿಜ ಹೇಳಿ, ಅದರಿಂದ ಬರುವ ಮೊಡವೆಗೆ ಅದನ್ನು ನಿಲ್ಲಿಸದೆ ಚಿಕಿತ್ಸೆಯೇ ಇಲ್ಲ.

ಪ್ರಶ್ನೆ: ಶೇಂಗಾ, ಮಾವಿನಹಣ್ಣು ಉಷ್ಣ ಅಂತ ಬಿಡಿಸಿದ್ದಾರೆ. ಸವಳು ನೀರಿನಿಂದಲೂ ಮೊಡವೆ ಬರುತ್ತದೆಯೇ? ಸುರಪುರದಿಂದ.

ಉತ್ತರ: ಶೇಂಗಾ ಹಿಂಡಿ ತಿನ್ನಿ, ಜೋಳದ ರೊಟ್ಟಿಯ ಜೊತೆ. ಕಡಿಮೆ ಮಾಡಬೇಕಾದದ್ದು ಸಕ್ಕರೆ ತುಂಬಿದ ಚಹಾ, ಬೇಕರಿ ತಿನಿಸು, ಬಾಟಲಿ ಪಾನೀಯ. ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುವ ತಿಂಡಿಗೂ ಮೊಡವೆಗೂ ನಂಟಿದೆ. ಸವಳು ನೀರು ಮೊಡವೆ ತರುವುದಿಲ್ಲ. ಆದರೆ ಅದರ ಸುಣ್ಣ ಸಾಬೂನಿನ ಜೊತೆ ಸೇರಿ ಮೊಸರಿನಂತೆ ಚರ್ಮಕ್ಕೆ ಅಂಟಿ ಉರಿ ಹುಟ್ಟಿಸುತ್ತದೆ. ಸಾಬೂನಿಲ್ಲದ ಕ್ಲೆನ್ಸರ್ ಬಳಸಿ, ದಿನಕ್ಕೆ ಎರಡೇ ಸಲ. ಧೂಳಿಗೆಂದು ಐದು ಸಲ ತೊಳೆದರೆ ಚರ್ಮ ಒಣಗಿ, ಔಷಧ ತಡೆದುಕೊಳ್ಳಲಾಗದಂತಾಗುತ್ತದೆ. ಸ್ಕೂಟಿ ಮೇಲೆ ಹೋಗುವಾಗ ಮುಖಕ್ಕೆ ಬಿಗಿಯುವ ಓಢಣಿ ಹತ್ತಿಯದಿರಲಿ, ದಿನಾ ಒಗೆದದ್ದಿರಲಿ. ಬೆವರಿನಲ್ಲಿ ಉಜ್ಜುವ ಬಟ್ಟೆ, ಹೆಲ್ಮೆಟ್ ಪಟ್ಟಿ ಎರಡೂ ದವಡೆಯ ಮೊಡವೆಯನ್ನು ಕೆರಳಿಸುತ್ತವೆ.

ಪ್ರಶ್ನೆ: ಮೊಡವೆ ನಿಂತಿದೆ, ಕಲೆ ಹೋಗುತ್ತಿಲ್ಲ. ಹುಮನಾಬಾದ್.

ಉತ್ತರ: ಬೆರಳಾಡಿಸಿ ನೋಡಿ. ಸಮತಟ್ಟಾಗಿದ್ದು ಬಣ್ಣ ಮಾತ್ರ ಕಪ್ಪಾಗಿದ್ದರೆ ಅದು ಕಲೆ, ಮೂರು ತಿಂಗಳಿಂದ ವರ್ಷದೊಳಗೆ ತಾನೇ ಮಸುಕಾಗುತ್ತದೆ. ಅಜೆಲಾಯಿಕ್ ಆಮ್ಲ, ಅಡಾಪಲೀನ್ ಆ ಕೆಲಸವನ್ನು ಬೇಗ ಮಾಡಿಸುತ್ತವೆ. ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಇಲ್ಲದೆ ಎರಡೂ ವ್ಯರ್ಥ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದಷ್ಟು ಮುಖ, ಕುತ್ತಿಗೆಗೆ ಬೇಕು. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆರಳಿಗೆ ಗುಳಿ ತಗುಲಿದರೆ ಯಾವ ಕ್ರೀಮೂ ತುಂಬುವುದಿಲ್ಲ. ಮೈಕ್ರೊನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು), ಸೂಜಿಯಿಂದ ಗುಳಿಯ ಬುಡ ಬಿಡಿಸುವುದು, ಲೇಸರ್ ಇವನ್ನು ನಾಲ್ಕರಿಂದ ಆರು ವಾರದ ಅಂತರದಲ್ಲಿ ಹಲವು ಸಲ ಮಾಡಬೇಕಾಗುತ್ತದೆ. ಹೊಸ ಮೊಡವೆ ಪೂರ್ತಿ ನಿಂತ ಮೇಲೆ, ಬೇಸಿಗೆ ಕಳೆದು ಮಾಡಿಸಿ.