ಆ ಪುಸ್ತಕವನ್ನು ಇನ್ನೊಮ್ಮೆ ಓದಿ

ಡೊಂಬಿವಲಿಯ ಓದುಗರೊಬ್ಬರು ಅಲ್ಲಿನ ಕನ್ನಡಿಗರ ಪುಟ್ಟ ಲೈಬ್ರರಿಯಲ್ಲಿ ಭಾನುವಾರ ನಾಲ್ಕೈದು ವರ್ಷದ ಮಕ್ಕಳಿಗೆ ಕಥೆ ಓದುತ್ತಾರೆ. ಈ ಸಲ ಆಫ್ರಿಕಾದ ಹುಡುಗನ ಚಿತ್ರಪುಸ್ತಕ ತೆಗೆದಾಗ ಒಂದು ಮಗು, 'ಯಾಕಿಷ್ಟು ಕಪ್ಪು? ರಾಕ್ಷಸನಾ?' ಎಂದಿತಂತೆ. ಎಲ್ಲರೂ ನಕ್ಕರು. ಆಮೇಲೆ ಒಬ್ಬ ತಾಯಿ, 'ಹೊರಗಿನವರ ಕಥೆ ಯಾಕೆ, ನಮ್ಮದೇ ಬೇಕಾದಷ್ಟಿದೆಯಲ್ಲ' ಎಂದರು. ಇಂಥ ಪುಸ್ತಕ ಓದುವುದನ್ನು ನಿಲ್ಲಿಸಲೇ ಎಂದು ಆ ಓದುಗರು ಕೇಳಿದ್ದಾರೆ.

ನಿಲ್ಲಿಸಬೇಡಿ, ಮೇಡಂ.

ಮಗುವಿನ ಮೇಲೆ ಸಿಟ್ಟೂ ಬೇಡ. ಹೇಳಿಕೊಟ್ಟವರು ನಾವೇ. ಹೆರಿಗೆಯಾದ ಮನೆಗೆ ಹೋದರೆ 'ಮಗು ಬೆಳ್ಳಗಿದೆಯಾ' ಎಂದು ವಿಚಾರಿಸುವವರು ನಾವೇ ಅಲ್ವಾ? ಚಿತ್ರದಲ್ಲಿ ರಾಕ್ಷಸನಿಗೆ ಕಪ್ಪು ಬಳಿಯುತ್ತೇವೆ. ಕಪ್ಪು ಮೈಯ ಕೃಷ್ಣ ಮಾತ್ರ ಕ್ಯಾಲೆಂಡರಿನಲ್ಲಿ ನೀಲಿ! 'ಹಾಗೆಲ್ಲ ಹೇಳಬಾರದು' ಎಂದು ಬಾಯಿ ಮುಚ್ಚಿಸಿದರೆ, ಕಪ್ಪು ಅಂದರೆ ಏನೋ ಕೆಟ್ಟದ್ದು ಎಂದು ಮಗು ಇನ್ನಷ್ಟು ನಂಬುತ್ತದೆ. 'ಅಲ್ಲಪ್ಪ, ಅವನೂ ನಿನ್ನ ಹಾಗೇ ಹುಡುಗ. ಎಲ್ಲರ ಚರ್ಮದಲ್ಲೂ ಮೆಲನಿನ್ ಅಂತ ಬಣ್ಣ ಇರುತ್ತೆ, ಅವನಿಗೆ ಜಾಸ್ತಿ. ಬಿಸಿಲು ತಡೆಯೋಕೆ ಒಳ್ಳೇದು' ಎಂದು ಹೇಳಿ ಪುಟ ತಿರುಗಿಸಿ. ಭಾಷಣ ಬೇಡ.

ಇನ್ನು 'ಹೊರಗಿನವರು' ಎಂಬ ಮಾತು. ಮುಂಬೈಯವರು ರಜೆಯಲ್ಲಿ ನೋಡಲು ಹೋಗುವ ಮುರುಡ್‌ನ ಜಂಜಿರಾ ಕೋಟೆಯನ್ನು ಆಳಿದವರು ಆಫ್ರಿಕಾ ಮೂಲದ ಸಿದ್ದಿಗಳು. ಯಲ್ಲಾಪುರ, ಹಳಿಯಾಳದ ಸಿದ್ದಿಗಳು ಕನ್ನಡ, ಕೊಂಕಣಿ ಮಾತಾಡುತ್ತಾರೆ. ಅವರ ಹಿರಿಯರಲ್ಲಿ ಹಲವರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಅಂಥ ಮನೆಯ ಮಗುವೊಂದು ಅವತ್ತು ನಿಮ್ಮ ಚಾಪೆಯ ಮೇಲೆ ಕೂತಿದ್ದರೆ?

ನ್ಯೂಯಾರ್ಕಿನಲ್ಲಿ ಕಪ್ಪು ಜನರೇ ಹೆಚ್ಚಿದ್ದ ಹಾರ್ಲೆಮ್‌ನಲ್ಲಿ ಹೀಗೆ ಕೂತ ಮಕ್ಕಳಿದ್ದರು. 1937ರಲ್ಲಿ ಅಲ್ಲಿನ ಲೈಬ್ರರಿಗೆ ಸೇರಿದ ಆಗಸ್ಟಾ ಬೇಕರ್ ಕಪ್ಪು ಮಹಿಳೆ. ಮಕ್ಕಳ ಪುಸ್ತಕಗಳಲ್ಲಿ ತಮ್ಮ ಜನರನ್ನು ಗೇಲಿ ಮಾಡಿದ್ದನ್ನು ಕಂಡು, ಮರ್ಯಾದೆಯಿಂದ ಬರೆದವನ್ನೇ ಹುಡುಕಿ ಒಂದು ಸಂಗ್ರಹ ಕಟ್ಟಿದರು. ಕೆಲಸ ಸುಲಭವಿರಲಿಲ್ಲ. 1965ರಲ್ಲಿ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ ಐದು ಸಾವಿರಕ್ಕೂ ಜಾಸ್ತಿ ಅಮೆರಿಕನ್ ಮಕ್ಕಳ ಪುಸ್ತಕಗಳ ಲೆಕ್ಕ ಹಾಕಿದಾಗಲೂ, ಕಪ್ಪು ಜನ ಕಾಣಿಸಿದ್ದು ನೂರಕ್ಕೆ ಏಳರಲ್ಲೂ ಇಲ್ಲ.

ಆರಿಸುವಾಗ ಒಂದು ಎಚ್ಚರ. ಕಪ್ಪು ಮಗು ಎಂದ ಕೂಡಲೇ ಬಡತನ, ಗುಲಾಮಗಿರಿಯ ಕಥೆಯೇ ಬೇಡ. ಚೆಂಡು ಕಳೆದುಕೊಂಡವನ ಕಥೆ, ನಿದ್ದೆ ಬೇಡ ಎಂದು ಹಟ ಹಿಡಿದವಳ ಕಥೆ ಓದಿ. 'ಆಫ್ರಿಕಾ ದಿನ' ಎಂದು ಸುಮ್ನೆ ಬ್ಯಾನರ್ ಕಟ್ಟಬೇಡಿ, ಮಾಮೂಲಿ ಭಾನುವಾರವೇ ಸಾಕು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಅಲ್ಲೂ ಹುಡುಕಿ.

ಆ ತಾಯಿಯ ಜೊತೆ ವಾದ ಬೇಡ. 'ನಮ್ಮದೇ' ಕಥೆಯೊಂದನ್ನು ಅವರೇ ಬಂದು ಓದಲಿ. ಅದೇ ದಿನ ನೀವು ಆ ಹುಡುಗನ ಪುಸ್ತಕ ಮತ್ತೆ ತೆಗೆಯಿರಿ.