ಕಡುಬು ತಿಂದರೆ ನನಗೆ ಶುಗರ್ ಏರುತ್ತೆ, ಅಣ್ಣನಿಗೆ ಏರಲ್ಲ. ರಕ್ತ ಪರೀಕ್ಷೆ ನೋಡಿ ಊಟ ಹೊಂದಿಸಬಹುದೇ?

ಹೊಂದಿಸಬಹುದು. ಒಂದೇ ಊಟಕ್ಕೆ ಒಬ್ಬೊಬ್ಬರ ಶುಗರ್ ಒಂದೊಂದು ಥರ ಏರುತ್ತದೆಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆ 2015ರಲ್ಲೇ 800 ಜನರಲ್ಲಿ ತೋರಿಸಿದೆ. ದುಬಾರಿ ಪ್ಯಾಕೇಜ್ ಬೇಡ, ಶಿವಮೊಗ್ಗದ ಲ್ಯಾಬಿನಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್), ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಮಾಡಿಸಿದರೆ ಸಾಕು. ಅದರಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 150 ದಾಟಿದ್ದರೆ ಮೊದಲು ಬೆಲ್ಲ, ಅನ್ನ, ಮದ್ಯ ಇಳಿಸಿ. ಅಡುಗೆ ಎಣ್ಣೆಯ ಮಾತು ಆಮೇಲೆ. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ.

ಯಾವ ಊಟಕ್ಕೆ ನಿಮ್ಮ ಶುಗರ್ ಎಷ್ಟು ಏರುತ್ತದೆಂದು ನೋಡಲು ಮನೆಯಲ್ಲೇ ಬೆರಳು ಚುಚ್ಚಿ ಅಳೆಯುವ ಗ್ಲುಕೋಮೀಟರ್ ಬಳಸಿ. ಒಂದು ದಿನ ಎರಡು ಕಡುಬು, ಕಾಯಿಚಟ್ನಿ. ಇನ್ನೊಂದು ದಿನ ಅದೇ ಎರಡಕ್ಕೆ ಹೆಸರುಕಾಳು ಪಲ್ಯ. ತಿನ್ನುವ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಹಲಸಿನಹಣ್ಣು ಬಿಡಿಸಿದ ಬೆರಳಿಗೇ ಚುಚ್ಚಿದರೆ ಲೆಕ್ಕ ಸುಳ್ಳಾಗಿ ಜಾಸ್ತಿ ಬರುತ್ತೆ, ಸೋಪು ಹಾಕಿ ತೊಳೆದು ಒರೆಸಿಕೊಳ್ಳಿ. ಹತ್ತು ಅಂಕದ ವ್ಯತ್ಯಾಸ ಮೀಟರಿನದ್ದೇ ಇರಬಹುದು, ಮೂರು ಸಲ ನೋಡದೆ ಕಡುಬು ಬಿಡಬೇಡಿ.